ಶೋರೂಂ ಕೊಟೇಶನ್ ಓದುವುದು ಹೇಗೆ? ಹೊಸ ಗೂಡ್ಸ್ ಗಾಡಿ ಕೊಳ್ಳುವ ಮುನ್ನ ಗೊತ್ತಿರಬೇಕಾದ ಲೆಕ್ಕ, ಕಾನೂನು

2022ರ ಜನವರಿ. ತುಮಕೂರಿನ ಮಹೀಂದ್ರಾ ಶೋರೂಂ ಒಂದಕ್ಕೆ ಬೊಲೆರೊ ಪಿಕಪ್ ನೋಡಲು ಹೋದ ಯುವ ರೈತರೊಬ್ಬರನ್ನು ಅಲ್ಲಿನ ಸಿಬ್ಬಂದಿ ಬಟ್ಟೆಬರೆ ನೋಡಿ ಅಳೆದರು, ಜೇಬಲ್ಲಿ ಹತ್ತು ರೂಪಾಯಿಯೂ ಇರಲಿಕ್ಕಿಲ್ಲ ಎಂದು ಹಂಗಿಸಿದರು ಎಂಬ ಆರೋಪ ದೇಶವೆಲ್ಲ ಸುದ್ದಿಯಾಯಿತು. ಆ ರೈತ ಅಷ್ಟರಲ್ಲೇ ಹತ್ತು ಲಕ್ಷ ಹೊಂದಿಸಿ ತಂದು, 'ಈಗ ಗಾಡಿ ಕೊಡಿ' ಎಂದು ಪಟ್ಟು ಹಿಡಿದರು. ವಿಡಿಯೊ ಹರಿದಾಡಿತು, ವಿಷಯ ಪೊಲೀಸ್ ಠಾಣೆಗೆ ಹೋಯಿತು, ಆನಂದ್ ಮಹೀಂದ್ರಾ ಟ್ವೀಟ್ ಮಾಡಿದರು, ಕಂಪನಿ ವಿಷಾದ ಹೇಳಿತು. ತಿಂಗಳು ಮುಗಿಯುವ ಮೊದಲೇ ಗಾಡಿ ಅವರ ಕೈಸೇರಿತು.

ಅಲ್ಲಿ ಆದ ಅವಮಾನ ಕ್ಯಾಮೆರಾಗೆ ಸಿಕ್ಕಿತ್ತು, ಹಾಗಾಗಿ ನ್ಯಾಯವೂ ಬೇಗ ಸಿಕ್ಕಿತು. ಆದರೆ ಕ್ಯಾಮೆರಾಗೆ ಸಿಗದ ಇನ್ನೊಂದು ಬಗೆಯಿದೆ. "ಬನ್ನಿ ಅಣ್ಣ, ಕೂತ್ಕೊಳಿ, ಕಾಫಿ ತಗೊಳಿ" ಅಂತ ನಗುನಗುತ್ತಾ ಮಾತಾಡಿಸಿ, ಕೊಟೇಶನ್‌ನಲ್ಲಿ ನಾಲ್ಕು ಸಾಲು ಜಾಸ್ತಿ ಸೇರಿಸಿ, ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಂಡು ಕಳಿಸುವುದು. ಇದರ ವಿಡಿಯೊ ಯಾರೂ ಮಾಡಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರಿಗೆ ಇದು ದೂರದ ವಿಷಯವಲ್ಲ. ರೇಷ್ಮೆಗೂಡು ಮಾರುಕಟ್ಟೆಗೆ ಹೋಗಬೇಕು, ಮಾವು ಬೆಂಗಳೂರು ಸೇರಬೇಕು, ಹಾಲು, ತರಕಾರಿ, ಎಳನೀರು ಬೆಳಗಾಗುವುದರೊಳಗೆ ನಗರ ಮುಟ್ಟಬೇಕು. ಇದನ್ನೆಲ್ಲ ಹೊರುವುದು ಟಾಟಾ ಏಸ್, ಪಿಕಪ್, ಕ್ಯಾಂಟರ್‌ಗಳೇ. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇರುವ ಈ ಸೀಮೆಯಲ್ಲಿ, ಡಿಗ್ರಿ ಮುಗಿಸಿ ಕೆಲಸ ಸಿಗದ ಹುಡುಗನೊಬ್ಬ 'ಒಂದು ಗಾಡಿ ಹಾಕೋಣ' ಅಂದುಕೊಂಡರೆ ಆ ಗಾಡಿಯೇ ಅವನ ಸಂಬಳ, ಅದರ ಇಎಂಐ ಮನೆಯವರೆಲ್ಲರ ತಲೆಮೇಲಿನ ಭಾರ. ಶೋರೂಂನಲ್ಲಿ ಹೆಚ್ಚಾಗಿ ಕೊಟ್ಟ ಮೂವತ್ತು ಸಾವಿರ ಅಂದರೆ ಎಷ್ಟೋ ಟ್ರಿಪ್‌ಗಳ ದುಡಿಮೆ. ಹಾಗಾಗಿ ಒಂದೊಂದೇ ಸಾಲು ಬಿಡಿಸಿ ನೋಡೋಣ.

ಆನ್-ರೋಡ್ ಬೆಲೆ ಅಂದರೆ ಏನು?

ಮೊದಲ ನಿಯಮ: 'ಟೋಟಲ್ ಇಷ್ಟಾಗುತ್ತೆ' ಅನ್ನುವ ಬಾಯಿಮಾತಿನ ಲೆಕ್ಕ ಒಪ್ಪಬೇಡಿ. ಎಕ್ಸ್-ಶೋರೂಂ ಬೆಲೆ, ರಸ್ತೆ ತೆರಿಗೆ, ನೋಂದಣಿ ಶುಲ್ಕ, ಇನ್ಶೂರೆನ್ಸ್, ಇತರೆ, ಹೀಗೆ ಬೇರೆಬೇರೆಯಾಗಿ ಬರೆದು, ಸೀಲು ಹಾಕಿದ ಕೊಟೇಶನ್ ಕೇಳಿ. ಕನಿಷ್ಠ ಎರಡು ಶೋರೂಂಗಳದ್ದು ಇಟ್ಟುಕೊಂಡು ಹೋಲಿಸಿ.

*ಎಕ್ಸ್-ಶೋರೂಂ ಬೆಲೆ:* ಜಿಎಸ್‌ಟಿ ಇದರಲ್ಲೇ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿದಿದೆ. ಇನ್‌ವಾಯ್ಸ್‌ನಲ್ಲಿ ಆ ದರವೇ ಇದೆಯಾ ನೋಡಿ.

*ತೆರಿಗೆ ಮತ್ತು ನೋಂದಣಿ:* ಇವು ಸರ್ಕಾರಕ್ಕೆ ಹೋಗುವ ಹಣ. ವಾಹನ್ ಪೋರ್ಟಲ್‌ನಿಂದ ರಸೀದಿ ಬರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಲಘು ಸಾರಿಗೆ ವಾಹನದ ನೋಂದಣಿ ಶುಲ್ಕ 1,000 ರೂಪಾಯಿ, ಸಾಲ ಇದ್ದರೆ ಹೈಪಾಥಿಕೇಶನ್ ನಮೂದಿಗೆ 1,500 ರೂಪಾಯಿ. ರಸ್ತೆ ತೆರಿಗೆ ಇದಕ್ಕೆ ಪ್ರತ್ಯೇಕ. ಕೊಟೇಶನ್‌ನಲ್ಲಿ 'ಆರ್‌ಟಿಒ ಖರ್ಚು' ಅಂತ ದುಂಡಗಿನ ಒಂದು ಮೊತ್ತ ಬರೆದಿದ್ದರೆ, "ರಸೀದಿಯಲ್ಲಿ ಎಷ್ಟು ಬರುತ್ತೋ ಅಷ್ಟೇ ಕೊಡ್ತೀನಿ" ಅನ್ನಿ.

*ಪರ್ಮಿಟ್:* ಮೋಟಾರು ವಾಹನ ಕಾಯ್ದೆಯ 66(3)ನೇ ಸೆಕ್ಷನ್ ಪ್ರಕಾರ, ಒಟ್ಟು ತೂಕ 3,000 ಕೆ.ಜಿ. ಮೀರದ ಗೂಡ್ಸ್ ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಸಣ್ಣ ಗಾಡಿಗಳು ಬಹುತೇಕ ಈ ಮಿತಿಯೊಳಗೇ ಇರುತ್ತವೆ. ಅಂಥ ಗಾಡಿಗೆ 'ಪರ್ಮಿಟ್ ಚಾರ್ಜ್' ಹಾಕಿದ್ದರೆ ಯಾಕೆ ಅಂತ ಕೇಳಿ.

*ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಫೈಲ್ ಚಾರ್ಜ್:* ಹೆಸರು ಏನೇ ಇರಲಿ, ಇದು ಸರ್ಕಾರಿ ಶುಲ್ಕವಲ್ಲ. ಗಾಡಿಯನ್ನು ಗೋದಾಮಿನಿಂದ ಶೋರೂಂಗೆ ತರುವುದು ಡೀಲರ್ ವ್ಯವಹಾರದ ಖರ್ಚು. ತೆಗೆಯಿರಿ ಎಂದು ಬರಹದಲ್ಲಿ ಕೇಳಿ. ತೆಗೆಯದಿದ್ದರೆ ಅದಕ್ಕೂ ಪ್ರತ್ಯೇಕ ಬಿಲ್ ಕೇಳಿ. ಬಿಲ್ ಕೊಡದೆ ಹಣ ಪಡೆಯುವುದು ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

*ಟಿಸಿಎಸ್:* ಗಾಡಿಯ ಬೆಲೆ 10 ಲಕ್ಷ ದಾಟಿದರೆ 1% ಆದಾಯ ತೆರಿಗೆ ಮೂಲದಲ್ಲೇ ವಸೂಲಾಗುತ್ತದೆ. ಇದು ಮೋಸವಲ್ಲ. ಆದರೆ ನಿಮ್ಮ ಪ್ಯಾನ್ ನಂಬರಿಗೆ ಜಮಾ ಆಗಿದೆಯಾ ನೋಡಿಕೊಳ್ಳಿ. ರಿಟರ್ನ್ಸ್ ಸಲ್ಲಿಸಿ ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ವಾಪಸ್ ಪಡೆಯಬಹುದು.

*ಆಕ್ಸೆಸರಿ ಪ್ಯಾಕ್, ವಿಸ್ತರಿತ ವಾರಂಟಿ, ಸರ್ವೀಸ್ ಪ್ಯಾಕೇಜ್:* ಬೇಕಿದ್ದರೆ ತಗೊಳ್ಳಿ. "ಇದು ಕಂಪಲ್ಸರಿ ಸಾರ್" ಅಂದರೆ ಕಂಪನಿಯ ಲಿಖಿತ ಆದೇಶ ತೋರಿಸಲು ಹೇಳಿ.

'ಇನ್ಶೂರೆನ್ಸ್ ಇಲ್ಲೇ ಮಾಡಿಸ್ಬೇಕು'

ಇಲ್ಲೇ ಮಾಡಿಸಬೇಕು ಎಂಬ ಕಾನೂನು ಇಲ್ಲ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ನಿಜ. ಯಾರ ಬಳಿ ಮಾಡಿಸಬೇಕು ಎಂಬುದು ನಿಮ್ಮ ಆಯ್ಕೆ. ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರ ಅಧಿಸೂಚಿಸುವ ದರ. 2022ರ ಜೂನ್ 1ರಿಂದ ಜಾರಿಯಾದ ಪಟ್ಟಿಯಲ್ಲಿ, ಒಟ್ಟು ತೂಕ 7,500 ಕೆ.ಜಿ.ವರೆಗಿನ, ಬಾಡಿಗೆಗೆ ಓಡುವ ಸರಕು ವಾಹನಕ್ಕೆ ವರ್ಷಕ್ಕೆ 16,049 ರೂಪಾಯಿ. ಕಂಪನಿ ಯಾವುದಾದರೂ ಇದು ಒಂದೇ. ವ್ಯತ್ಯಾಸ ಬರುವುದು ಗಾಡಿಗೆ ಆಗುವ ಹಾನಿಯ ವಿಮೆಯಲ್ಲಿ. ಶೋರೂಂ ಕೊಟೇಶನ್ ಹಿಡಿದು, ಅದೇ ಐಡಿವಿ (ವಿಮೆಗೆ ಪರಿಗಣಿಸುವ ಗಾಡಿ ಮೌಲ್ಯ) ಇಟ್ಟುಕೊಂಡು ಹೊರಗೆ ಎರಡು ಕಡೆ ವಿಚಾರಿಸಿ. ಪ್ರೀಮಿಯಂ ಕಮ್ಮಿ ಕಾಣಲಿ ಅಂತ ಐಡಿವಿ ಇಳಿಸಿರುತ್ತಾರೆ, ಹುಷಾರು. 'ಹೊರಗಡೆ ವಿಮೆ ಮಾಡಿಸಿದ್ರೆ ವಾರಂಟಿ ಹೋಗುತ್ತೆ' ಅನ್ನುವುದು ಬರೀ ಬೆದರಿಕೆ. ವಿಮೆಗೂ ತಯಾರಕರ ವಾರಂಟಿಗೂ ಸಂಬಂಧವಿಲ್ಲ.

ಕಾರಿಗೆ ಇರುವಂತೆ ಗೂಡ್ಸ್ ಗಾಡಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಿಲ್ಲ. 2018ರ ಸುಪ್ರೀಂ ಕೋರ್ಟ್ ಆದೇಶ ಹೊಸ ಕಾರು ಮತ್ತು ಬೈಕುಗಳಿಗೆ ಸಂಬಂಧಿಸಿದ್ದು.

ಲೋನು: ದೊಡ್ಡ ಹೊಡೆತ ಇಲ್ಲೇ

ಬೆಲೆಯಲ್ಲಿ ಐದು ಸಾವಿರ ಚೌಕಾಸಿ ಮಾಡಿ ಗೆದ್ದವರು ಬಡ್ಡಿಯಲ್ಲಿ ಲಕ್ಷ ಕಳೆದುಕೊಳ್ಳುತ್ತಾರೆ. ಉದಾಹರಣೆ ನೋಡಿ. 8 ಲಕ್ಷ ಸಾಲ, 5 ವರ್ಷ, 'ಬರೀ 8 ಪರ್ಸೆಂಟ್ ಫ್ಲಾಟ್'. ವರ್ಷಕ್ಕೆ 64,000ದಂತೆ ಐದು ವರ್ಷಕ್ಕೆ 3,20,000 ಬಡ್ಡಿ. ತಿಂಗಳ ಕಂತು ಸುಮಾರು 18,667. ಆದರೆ ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಇಡೀ 8 ಲಕ್ಷದ ಮೇಲೇ ಲೆಕ್ಕವಾಗಿರುತ್ತದೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದೇ ಸಾಲದ ನಿಜವಾದ ಬಡ್ಡಿ 14%ಕ್ಕಿಂತ ತುಸು ಹೆಚ್ಚು.

ಇದನ್ನು ಬಯಲಿಗೆಳೆಯುವ ಒಂದು ಕಾಗದವಿದೆ: ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್. ರಿಸರ್ವ್ ಬ್ಯಾಂಕ್ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕ್, ಎನ್‌ಬಿಎಫ್‌ಸಿಗಳು ಹೊಸ ರೀಟೇಲ್ ಸಾಲಕ್ಕೆ ಇದನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಲೇಬೇಕು. ಎಲ್ಲ ಖರ್ಚು ಸೇರಿದ ವಾರ್ಷಿಕ ದರ, ಅಂದರೆ ಎಪಿಆರ್, ಅದರಲ್ಲಿರುತ್ತದೆ. ಅದರಲ್ಲಿ ನಮೂದಿಸದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ವಸೂಲಿ ಮಾಡುವಂತಿಲ್ಲ. ಕನ್ನಡದಲ್ಲಿ ಕೇಳಿ ಪಡೆಯಿರಿ. 'ಅದು ಆಮೇಲೆ ಮೇಲ್‌ಗೆ ಬರುತ್ತೆ' ಅಂದರೆ ಬಂದ ಮೇಲೇ ಸಹಿ ಮಾಡಿ.

ಖಾಲಿ ಫಾರಂಗೆ ಸಹಿ ಮಾಡಬೇಡಿ. ಅದರಲ್ಲೂ ಫಾರಂ 29 ಮತ್ತು 30 ಮಾಲೀಕತ್ವ ವರ್ಗಾವಣೆಯವು. ಹೊಸ ಗಾಡಿ ಕೊಳ್ಳುವಾಗ ಅವುಗಳ ಅಗತ್ಯವೇ ಇಲ್ಲ. ಸಾಲಕ್ಕೆ ಬೇಕಾದ್ದು ಹೈಪಾಥಿಕೇಶನ್‌ನ ಫಾರಂ 34.

ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಗಾಡಿ ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಸಬ್ಸಿಡಿ ಬರುತ್ತೆ ಅಂತ ಕೊಟೇಶನ್ ಉಬ್ಬಿಸಿದರೆ, ಸರ್ಕಾರ ಕೊಟ್ಟದ್ದು ನಿಮ್ಮ ಹೆಸರಲ್ಲಿ ಡೀಲರ್ ಜೇಬಿಗೆ ಹೋದಂತೆ. ಸಬ್ಸಿಡಿ ಇಲ್ಲದವರಿಗೆ ಅದೇ ಗಾಡಿಗೆ ಎಷ್ಟು ಹೇಳುತ್ತಾರೆ ಅಂತ ಇನ್ನೊಬ್ಬರಿಂದ ಕೇಳಿಸಿ ನೋಡಿ.

ಹೊಸ ಗಾಡಿ ನಿಜಕ್ಕೂ ಹೊಸದಾ?

ಗೋವಾದಲ್ಲಿ 2011ರಲ್ಲಿ ಹೊಸ ಕಾರಿಗೆ ದುಡ್ಡು ಕಟ್ಟಿದವರೊಬ್ಬರಿಗೆ 2009ರ, ಆಗಲೇ 600ಕ್ಕೂ ಹೆಚ್ಚು ಕಿ.ಮೀ. ಓಡಿದ ಗಾಡಿ ಕೊಡಲಾಗಿತ್ತು. ಗ್ರಾಹಕ ವೇದಿಕೆಗಳು ತಯಾರಕರಾದ ಟಾಟಾ ಮೋಟಾರ್ಸ್ ಅನ್ನೂ ಹೊಣೆಯಾಗಿಸಿದ್ದವು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಡೀಲರ್ ಮಾಡಿದ್ದು ಕಂಪನಿಗೆ ಗೊತ್ತಿತ್ತೆಂದು ಸಾಬೀತಾಗದೆ ಕಂಪನಿಯನ್ನು ಹೊಣೆ ಮಾಡಲಾಗದು ಎಂದು ಹೇಳಿತು. ಪಾಠ ಸ್ಪಷ್ಟ: ದೊಡ್ಡ ಬ್ರಾಂಡ್ ಹೆಸರು ನಿಮ್ಮನ್ನು ಕಾಪಾಡಲ್ಲ, ಹಣ ಕಟ್ಟುವ ಮುಂಚೆ ನೀವೇ ನೋಡಬೇಕು.

ಪೂರ್ತಿ ಹಣ ಕಟ್ಟುವ ಮೊದಲು, ಹಗಲು ಬೆಳಕಲ್ಲಿ, ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ:

- ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲೂ ಇನ್‌ವಾಯ್ಸ್‌ನಲ್ಲೂ ಒಂದೇ ಇರಬೇಕು. ಫೋಟೊ ತೆಗೆದುಕೊಳ್ಳಿ.
- ಮಾರಾಟ ಪ್ರಮಾಣಪತ್ರವಾದ ಫಾರಂ 21ರಲ್ಲಿ ತಯಾರಾದ ತಿಂಗಳು, ವರ್ಷ ನೋಡಿ. ಹಳೆ ಸ್ಟಾಕ್ ಮಾರುವುದು ಅಪರಾಧವಲ್ಲ. ಮುಚ್ಚಿಟ್ಟು ಹೊಸದರ ಬೆಲೆಗೆ ಮಾರುವುದು ಮೋಸ.
- ಓಡೋಮೀಟರ್, ಟೈರಿನ ತಯಾರಿಕೆ ವಾರ, ಬ್ಯಾಟರಿ ದಿನಾಂಕ, ಚಾಸಿಯಲ್ಲಿ ತುಕ್ಕು, ಮರುಬಣ್ಣದ ಗುರುತು ನೋಡಿ.
- ಬಾಡಿ ಕಟ್ಟಿಸುವ ಗಾಡಿಯಾದರೆ, ಬಾಡಿ ಖರ್ಚು ಯಾರದು, ಅದರ ಬಿಲ್ ಯಾರು ಕೊಡುತ್ತಾರೆ ಅಂತ ಮೊದಲೇ ಬರೆಸಿಕೊಳ್ಳಿ.

ನೋಂದಣಿ, ಕನಿಷ್ಠ ತಾತ್ಕಾಲಿಕ ನೋಂದಣಿಯಾದರೂ ಆಗದೆ ಡೀಲರ್ ಗಾಡಿ ಕೊಡುವಂತಿಲ್ಲ. ಕೇಂದ್ರ ನಿಯಮಗಳ 42ನೇ ನಿಯಮ ಇದನ್ನೇ ಹೇಳುತ್ತದೆ. 'ಹಬ್ಬ ಇದೆ, ಇವತ್ತು ತಗೊಂಡೋಗಿ, ನಂಬರ್ ಆಮೇಲೆ' ಅನ್ನುವ ಮಾತಿಗೆ ಮರುಳಾಗಬೇಡಿ. 2019ರ ತಿದ್ದುಪಡಿಯ ನಂತರ, ಅದೇ ರಾಜ್ಯದ ಗಾಡಿಯಾದರೆ ನೋಂದಣಿಗೆ ಅರ್ಜಿ ಹಾಕುವುದು ಡೀಲರ್‌ನ ಹೊಣೆ. ಹಾಕದಿದ್ದರೆ 192ಬಿ ಸೆಕ್ಷನ್ ಅಡಿ ದಂಡ ವಾರ್ಷಿಕ ರಸ್ತೆ ತೆರಿಗೆಯ ಹದಿನೈದು ಪಟ್ಟು, ಅಥವಾ ಜೀವಿತಾವಧಿ ತೆರಿಗೆ, ಯಾವುದು ಹೆಚ್ಚೋ ಅದು. ಬೆಂಗಳೂರಿನ ಶೋರೂಂನಲ್ಲಿ ಕೊಂಡರೂ ರಾಮನಗರದ ಕೆಎ-42 ನಂಬರೇ ಬೇಕಿದ್ದರೆ ಬುಕಿಂಗ್ ಸಮಯದಲ್ಲೇ ಹೇಳಿ ಬರೆಸಿ.

ಮೋಸ ಆಯ್ತು, ಈಗೇನು?

"ಗೂಡ್ಸ್ ಗಾಡಿ ಕಮರ್ಷಿಯಲ್, ನಿಮಗೆ ಗ್ರಾಹಕ ಕೋರ್ಟು ಸಿಗಲ್ಲ" ಎಂದು ಹೆದರಿಸುವವರಿದ್ದಾರೆ. ಅರ್ಧ ಸತ್ಯ. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಕಾನೂನು ಹೊರಗಿಡುತ್ತದೆ, ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆಂದೇ ಕೊಂಡವರನ್ನು ಒಳಗೆ ಸೇರಿಸುತ್ತದೆ. 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತಾನೇ ಓಡಿಸಲು ಟ್ರಕ್ ಕೊಂಡವನು ಗ್ರಾಹಕನೇ ಎಂದು ಉದಾಹರಣೆ ಕೊಟ್ಟು ಹೇಳಿದೆ. ಪೂರ್ತಿಯಾಗಿ ಬೇರೆಯವರ ಕೈಗೆ ಕೊಟ್ಟು ಓಡಿಸುವವರಿಗೆ ಆ ರಕ್ಷಣೆ ಸಿಗುವುದು ಕಷ್ಟ. ದೂರಿನಲ್ಲಿ 'ಸ್ವಂತ ಜೀವನೋಪಾಯಕ್ಕಾಗಿ' ಎಂಬುದನ್ನು ಬರೆಯಲು ಮರೆಯಬೇಡಿ.

ಹೆಜ್ಜೆಗಳು ಹೀಗಿರಲಿ:

1. ಡೀಲರ್‌ಗೆ ಮತ್ತು ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಮಾಡಿ. ಫೋನಿನಲ್ಲಿ ಮಾತಾಡಿದ್ದನ್ನೂ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ.
2. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ.
3. ನೋಂದಣಿ, ತೆರಿಗೆಯ ವಿಷಯವಾದರೆ ಆರ್‌ಟಿಒಗೆ ಲಿಖಿತ ದೂರು. ವಿಮೆಯಾದರೆ ಐಆರ್‌ಡಿಎಐನ 155255. ಸಾಲವಾದರೆ ಮೊದಲು ಸಾಲ ಕೊಟ್ಟವರಿಗೆ ದೂರು, 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್. ಮಾಹಿತಿಗೆ 14448.
4. ಜಿಲ್ಲಾ ಗ್ರಾಹಕ ಆಯೋಗ. 50 ಲಕ್ಷದವರೆಗಿನ ಖರೀದಿ ಇದರ ವ್ಯಾಪ್ತಿ. ಖರೀದಿ ಮೊತ್ತ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400 ರೂಪಾಯಿ. ಎರಡು ವರ್ಷದೊಳಗೆ ದೂರು ಕೊಡಬೇಕು. ವಕೀಲರು ಕಡ್ಡಾಯವಲ್ಲ.

2019ರ ಕಾಯ್ದೆ ತಂದ ದೊಡ್ಡ ಬದಲಾವಣೆ ಇನ್ನೊಂದಿದೆ. ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಗಾಡಿಯನ್ನು ಬೆಂಗಳೂರಿನ ಮೈಸೂರು ರಸ್ತೆಯಲ್ಲೋ ಮಾಗಡಿ ರಸ್ತೆಯಲ್ಲೋ ಕೊಂಡಿದ್ದರೂ ನಿಮ್ಮ ಜಿಲ್ಲೆಗೆ ಡೀಲರ್ ಬಂದು ಉತ್ತರ ಹೇಳಬೇಕು.

ಒಬ್ಬೊಬ್ಬರ ಜಾಣತನ ಸಾಕಾಗಲ್ಲ

ಇಷ್ಟೆಲ್ಲ ಓದಿಕೊಂಡು ಹೋದವನು ಮೂವತ್ತು ಸಾವಿರ ಉಳಿಸಿಕೊಳ್ಳುತ್ತಾನೆ. ಆದರೆ ಅವನ ಹಿಂದೆ ಬಂದವರು, ಕಾಗದದ ಇಂಗ್ಲಿಷ್ ಓದಲಾಗದವರು, ಅದೇ ಮೂವತ್ತು ಸಾವಿರ ಕಟ್ಟಿ ಬರುತ್ತಾರೆ. ತುಮಕೂರಿನ ಘಟನೆಯಲ್ಲಿ ಕಂಪನಿಯ ಅಧ್ಯಕ್ಷರ ಟ್ವೀಟ್ ಬಂತು. ಎಲ್ಲರಿಗೂ ಟ್ವೀಟ್ ಬರಲ್ಲ.

ಬೇಕಿರುವುದು ದೊಡ್ಡ ಕ್ರಾಂತಿಯೇನಲ್ಲ. ಪ್ರತಿ ಶೋರೂಂನಲ್ಲಿ ತೆರಿಗೆ, ಶುಲ್ಕಗಳ ಪಟ್ಟಿ ಕನ್ನಡದಲ್ಲಿ ತೂಗುಹಾಕಿರಬೇಕು. ಕೊಟೇಶನ್, ಸಾಲದ ಕಾಗದ ಕನ್ನಡದಲ್ಲಿರಬೇಕು. ಸಾರಿಗೆ ಇಲಾಖೆ ವರ್ಷಕ್ಕೊಮ್ಮೆಯಾದರೂ ಡೀಲರ್‌ಗಳ ಬಿಲ್ ತಪಾಸಣೆ ಮಾಡಬೇಕು. ಇದನ್ನು ಕೇಳಬೇಕಾದವರು ರೈತ ಸಂಘಗಳು, ಚಾಲಕರ ಸಂಘಗಳು, ಕಾಲೇಜು ಮುಗಿಸಿದ ನಾವು ನೀವು. ಊರಲ್ಲಿ ಯಾರಾದರೂ ಗಾಡಿ ಬುಕ್ ಮಾಡಲು ಹೊರಟರೆ ಜೊತೆಗೆ ಹೋಗಿ, ಕೊಟೇಶನ್ ಓದಿ ಹೇಳಿ, ಬಿಲ್ ಕೇಳಿ. ಒಂದು ಶೋರೂಂನಲ್ಲಿ ಹತ್ತು ಜನ ಸಾಲಾಗಿ ರಸೀದಿ ಕೇಳಿದರೆ, ಹನ್ನೊಂದನೆಯವರ ಕೊಟೇಶನ್‌ಗೆ ಆ ಸಾಲು ಸೇರಿಸುವ ಮುಂಚೆ ಡೀಲರ್ ಯೋಚಿಸುತ್ತಾನೆ.