ಹಾಡಿದ್ದಕ್ಕೆ ಹೋದ ಒಂದು ವರುಷ

ಗೋಳಗುಮ್ಮಟವನ್ನು ಕಂಡುಬಂದವರಲ್ಲಿ ನೂರಕ್ಕೆ ಒಬ್ಬರಾದರೂ ಗೋಗಿಯನ್ನು ಕಂಡಿರಲಾರರು. ಆದರೆ ವಿಜಾಪುರದ ಆದಿಲಶಾಹಿ ಮನೆತನದ ಮೊದಲ ಅರಸರು ಮಣ್ಣಾಗಿರುವುದು ಶಹಾಪುರದ ಸಮೀಪದ ಈ ಊರಿನಲ್ಲಿಯೇ. 1510ರಲ್ಲಿ ತೀರಿಕೊಂಡ ಯೂಸುಫ್, 1534ರಲ್ಲಿ ತೀರಿಕೊಂಡ ಅವನ ಮಗ ಇಸ್ಮಾಯಿಲ್, 1558ರಲ್ಲಿ ತೀರಿಕೊಂಡ ಮೊಮ್ಮಗ ಒಂದನೆಯ ಇಬ್ರಾಹಿಂ, ಮೂವರೂ ಚಂದಾ ಹುಸೇನಿ ಎಂಬ ಸೂಫಿ ಸಂತರ ದರ್ಗಾದ ನೆರಳಿನಲ್ಲಿ ಮಲಗಿದ್ದಾರೆ. ಯೂಸುಫ್ ಷಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದ. ಮೊಮ್ಮಗ ಅದನ್ನು ಬಿಟ್ಟು ಸುನ್ನಿ ಪಂಥವನ್ನು ಹಿಡಿದ. ಕಚೇರಿಯ ಲೆಕ್ಕಪತ್ರಗಳಿಂದ ಫಾರಸಿಯನ್ನು ತೆಗೆದು ದೇಶಭಾಷೆಯನ್ನು ತಂದವನೂ ಈ ಮೊಮ್ಮಗನೇ. ಅವನ ಮೊಮ್ಮಗ ಎರಡನೆಯ ಇಬ್ರಾಹಿಮನಾದರೋ 'ಕಿತಾಬೆ ನವರಸ'ದಲ್ಲಿ ಸರಸ್ವತಿಯನ್ನು ಸ್ತುತಿಸಿ, ಜಗದ್ಗುರುವೆಂದು ಕರೆಯಿಸಿಕೊಂಡ ಸಂಗೀತಲೋಲ. ಪ್ರಜೆಗಳು ಯಾವ ಭಾಷೆಯಲ್ಲಿ ಬರೆಯಬೇಕು, ಹೇಗೆ ಪ್ರಾರ್ಥಿಸಬೇಕು, ಏನನ್ನು ಹಾಡಬಹುದು ಎಂಬುದು ಅರಮನೆಯ ವಿಚಾರವಾಗುವುದು ಈ ಸೀಮೆಗೆ ಹೊಸದೇನೂ ಅಲ್ಲ.

ಒಂದನೆಯ ಇಬ್ರಾಹಿಂ ತೀರಿಕೊಂಡು 380 ವರ್ಷಗಳಾದ ಮೇಲೆ, 1938ರಲ್ಲಿ, ಈ ಮೂರು ಪ್ರಶ್ನೆಗಳೂ ಒಟ್ಟಿಗೆ ಎದ್ದು ನಿಂತವು. ಈ ಸಲ ಅವಕ್ಕೆ ಉತ್ತರ ಕೊಡಬೇಕಾಗಿ ಬಂದವರು ಅರಸರಲ್ಲ, ಕಾಲೇಜಿನ ಹುಡುಗರು.

ಆಗ ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಗೋಗಿ, ಶಹಾಪುರ, ಸುರಪುರಗಳ ಕಡೆಯ ಹುಡುಗನೊಬ್ಬ ಓದಿ ಮುಂದೆ ಬರಬೇಕೆಂದರೆ ದಾರಿ ಒಂದೇ. ಮನೆಯಲ್ಲಿ ಕನ್ನಡ, ಪ್ರೌಢಶಾಲೆಗೆ ಬರುವಷ್ಟರಲ್ಲಿ ಉರ್ದು. ಕಲಬುರ್ಗಿಯಲ್ಲಿ ಇಂಟರ್‌ಮೀಡಿಯೇಟ್ ಕಾಲೇಜಿತ್ತು. ಅದರಾಚೆಗೆ ಓದಬೇಕಾದರೆ ಭೀಮೆಯನ್ನು ದಾಟಿ ಯಾದಗಿರಿಯಲ್ಲಿ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ ಹೈದರಾಬಾದಿಗೆ ಹೋಗಬೇಕು. ಅಲ್ಲಿ ಶೇರವಾನಿ ತೊಟ್ಟು ಉಸ್ಮಾನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಬೇಕು.

ಉಸ್ಮಾನಿಯಾವನ್ನು ಹಗುರವಾಗಿ ಮಾತನಾಡುವುದು ನ್ಯಾಯವಲ್ಲ. ದೇಶವೆಲ್ಲ ಇಂಗ್ಲಿಷಿನಲ್ಲಿ ಓದುತ್ತಿದ್ದ ಕಾಲದಲ್ಲಿ, 1918ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾನಿಲಯ ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿ ಕೊಟ್ಟಿತು. ಅದಕ್ಕಾಗಿ ಅನುವಾದ ಸಂಸ್ಥೆಯೊಂದನ್ನೇ ಕಟ್ಟಿ ವಿಜ್ಞಾನ, ಚರಿತ್ರೆ, ನ್ಯಾಯಶಾಸ್ತ್ರಗಳ ಗ್ರಂಥಗಳನ್ನು ಉರ್ದುವಿಗೆ ತಂದರು. ಕನ್ನಡ ಮಾಧ್ಯಮದ ಬಗ್ಗೆ ಇಂದಿಗೂ ಚರ್ಚಿಸುತ್ತಿರುವ ನಾವು ಅದನ್ನು ಕಂಡು ಸ್ವಲ್ಪ ನಾಚಿಕೊಂಡರೂ ತಪ್ಪಿಲ್ಲ! ಕನ್ನಡಕ್ಕೂ ಅಲ್ಲಿ ಒಂದು ಮೂಲೆಯಿತ್ತು, ಡಿ. ಕೆ. ಭೀಮಸೇನರಾಯರು ಅಲ್ಲಿ ಕನ್ನಡವನ್ನು ಕಲಿಸಿದರು. ಉರ್ದು ದೇಶಭಾಷೆಯೆಂಬುದು ಸತ್ಯ. ನಮ್ಮ ಹುಡುಗನಿಗೆ ಅದು ಮನೆಮಾತಲ್ಲವೆಂಬುದೂ ಅಷ್ಟೇ ಸತ್ಯ. ಸಂಸ್ಥಾನದ ಪ್ರಜೆಗಳಲ್ಲಿ ಬಹುಭಾಗ ತೆಲುಗು, ಮರಾಠಿ, ಕನ್ನಡಗಳನ್ನಾಡುವವರು. ಅವರೆಲ್ಲ ಪದವಿಯ ಮೆಟ್ಟಿಲು ಹತ್ತುವುದಕ್ಕೆ ತಮ್ಮ ನುಡಿಯನ್ನು ಹೊಸ್ತಿಲಾಚೆ ಬಿಟ್ಟು ಬರಬೇಕಾಗಿತ್ತು.

ಆ ವರ್ಷ ಹುಡುಗರ ಬಾಯಲ್ಲಿ ರಾಜಕೀಯದ ಜೊತೆಗೆ ಓಡಾಡಲು ಇನ್ನೊಂದು ವಿಷಯವೂ ಇದ್ದಿತು, ಕಾಲ್ಚೆಂಡು. ಬ್ರಿಟಿಷ್ ಪಲ್ಟನ್ನುಗಳೇ ಹಂಚಿಕೊಳ್ಳುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಮೊಟ್ಟಮೊದಲಿಗೆ ಒಂದು ಭಾರತೀಯ ತಂಡ ಗೆದ್ದಿತು. ಅದು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ. 1938ರಲ್ಲಿಯೂ ಅದೇ ತಂಡ ಗೆದ್ದಿತು. ಕಲಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಸತತವಾಗಿ ಐದು ಸಲ ಲೀಗ್ ಗೆದ್ದಿತ್ತು. ಅದೇ ವರ್ಷ ಭಾರತೀಯ ತಂಡವೊಂದು ಆಸ್ಟ್ರೇಲಿಯಕ್ಕೆ ಹೋಗಿ ಬರಿಗಾಲಿನಲ್ಲಿ ಆಡಿ ಅಲ್ಲಿಯ ಜನರನ್ನು ಬೆರಗುಗೊಳಿಸಿತು. ಉಸ್ಮಾನಿಯಾದಲ್ಲಿಯೇ ಓದಿದ್ದ ಸೈಯದ್ ಅಬ್ದುಲ್ ರಹೀಮ್ ಎಂಬ ತರುಣರು ಹೈದರಾಬಾದಿನ ಶಾಲೆಗಳಲ್ಲಿ ಉಪಾಧ್ಯಾಯರಾಗಿದ್ದರು. ಮುಂದೆ ಭಾರತದ ಕಾಲ್ಚೆಂಡಿಗೆ ಗುರುವಾದವರು ಇವರೇ. ತಂಡಗಳ ಹೆಸರುಗಳನ್ನು ನೋಡಿದರೆ ಆಟಕ್ಕೂ ಮತದ ಮುದ್ರೆ ಬಿದ್ದಿತ್ತೆಂಬುದು ತಿಳಿಯುತ್ತದೆ. ಆದರೂ ಚೆಂಡು ಯಾರ ಕಾಲಿಗೆ ಸಿಕ್ಕಿದರೂ ಉರುಳುತ್ತದೆ. ಹಾಡಿನ ವಿಷಯ ಹಾಗಲ್ಲ.

ಬಂಕಿಮಚಂದ್ರರ 'ಆನಂದಮಠ' ಪುಸ್ತಕವಾಗಿ ಬಂದದ್ದು 1882ರಲ್ಲಿ. ಕನ್ನಡಿಗರಿಗೆ ಬಂಕಿಮರನ್ನು ಪರಿಚಯ ಮಾಡಿಕೊಟ್ಟ ಪುಣ್ಯ ಬಿ. ವೆಂಕಟಾಚಾರ್ಯರದು. ಅದರಲ್ಲಿಯ 'ವಂದೇ ಮಾತರಂ' ಗೀತವನ್ನು 1896ರ ಕಾಂಗ್ರೆಸ್ಸಿನಲ್ಲಿ ರವೀಂದ್ರರು ಹಾಡಿದರು. ವಂಗಭಂಗದ ಕಾಲದಲ್ಲಿ ಅದು ದೇಶದ ಘೋಷವಾಯಿತು. ಆದರೆ ಮಾತೃಭೂಮಿಯನ್ನು ದೇವಿಯೆಂದು ಕೊಂಡಾಡುವ ಅದರ ಮುಂದಿನ ನುಡಿಗಳು ಅನೇಕ ಮುಸಲ್ಮಾನರ ಶ್ರದ್ಧೆಗೆ ಒಪ್ಪಲಿಲ್ಲ. 1923ರ ಕಾಕಿನಾಡ ಅಧಿವೇಶನದಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಅದನ್ನು ಹಾಡತೊಡಗಿದಾಗ ಅಧ್ಯಕ್ಷರಾಗಿದ್ದ ಮೌಲಾನಾ ಮಹಮದಲಿಯವರೇ ಆಕ್ಷೇಪಿಸಿದರು. 1937ರಲ್ಲಿ ಕಾಂಗ್ರೆಸ್ ಕಾರ್ಯಸಮಿತಿ, ರವೀಂದ್ರರ ಅಭಿಪ್ರಾಯವನ್ನೂ ಕೇಳಿ, ಮೊದಲಿನ ಎರಡು ನುಡಿಗಳನ್ನಷ್ಟೇ ಸಭೆಗಳಲ್ಲಿ ಹಾಡಬೇಕೆಂದು ನಿರ್ಣಯಿಸಿತು. ದೇಶದ ಹಿರಿಯರೇ ಇಷ್ಟು ತೂಗಿ ನೋಡಿದ ಹಾಡನ್ನು ವಿದ್ಯಾರ್ಥಿನಿಲಯದ ಹುಡುಗರು ಸಂಜೆಯ ಪ್ರಾರ್ಥನೆಗೆ ಹಾಡಿದರು. ಒಬ್ಬನ ಭಕ್ತಿ ಇನ್ನೊಬ್ಬನಿಗೆ ನೋವಾಗುವ ಸಂದರ್ಭವಿದು. ಇದನ್ನು ಮರೆತು ಒಂದು ಪಕ್ಷವನ್ನೇ ಹೊಗಳುವ ಚರಿತ್ರೆ ಅರ್ಧ ಚರಿತ್ರೆ. ಆದರೆ ನೋವನ್ನು ಮಾತುಕತೆಯಿಂದ ಬಗೆಹರಿಸುವುದು ಬೇರೆ, ಆಜ್ಞೆ ಹೊರಡಿಸಿ ಬಾಯಿ ಮುಚ್ಚಿಸುವುದು ಬೇರೆ.

ಹೊರಗೆ ಆಗಲೇ ಗಾಳಿ ಎದ್ದಿತ್ತು. 1938ರ ಜೂನ್ ತಿಂಗಳಲ್ಲಿ ಬಸವಣ್ಣನವರ ಕಲ್ಯಾಣದಲ್ಲಿ ಧರ್ಮಪ್ರಕಾಶನೆಂಬ ಆರ್ಯಸಮಾಜಿಯ ಕೊಲೆಯಾಗಿತ್ತು. ಸ್ಟೇಟ್ ಕಾಂಗ್ರೆಸ್ ಇನ್ನೂ ಕಣ್ಣು ಬಿಡುವ ಮೊದಲೇ, ಸೆಪ್ಟೆಂಬರಿನಲ್ಲಿ, ಸರಕಾರ ಅದನ್ನು ನಿಷೇಧಿಸಿತು. ಅಕ್ಟೋಬರ್ 24ರಿಂದ ಸತ್ಯಾಗ್ರಹ ಆರಂಭವಾಗಿ, ಸ್ವಾಮಿ ರಾಮಾನಂದ ತೀರ್ಥರು ಮುಂತಾದವರು ಸೆರೆಮನೆ ಸೇರಿದರು. ಇಂಥ ಸಮಯದಲ್ಲಿ, ನವೆಂಬರಿನಲ್ಲಿ, ವಿದ್ಯಾರ್ಥಿನಿಲಯಗಳ ಪ್ರಾರ್ಥನೆಯಲ್ಲಿ ಈ ಹಾಡು ಕೂಡದೆಂಬ ಅಪ್ಪಣೆಯಾಯಿತು. ಹುಡುಗರು ಬಿಡಲಿಲ್ಲ. ಔರಂಗಾಬಾದ್, ಹೈದರಾಬಾದ್, ವರಂಗಲ್ಲು, ನಮ್ಮ ಕಲಬುರ್ಗಿ, ಹೀಗೆ ಕಾಲೇಜಿನಿಂದ ಕಾಲೇಜಿಗೆ ಮುಷ್ಕರ ಹಬ್ಬಿತು. ನೂರಾರು ವಿದ್ಯಾರ್ಥಿಗಳ ಹೆಸರು ಹಾಜರಿ ಪುಸ್ತಕದಿಂದ ಹೋಯಿತು.

ಹಳ್ಳಿಯ ಮನೆಯೊಂದಕ್ಕೆ ಈ ಸುದ್ದಿ ಹೇಗೆ ಮುಟ್ಟಿರಬೇಕು ಎಂಬುದನ್ನು ಊಹಿಸಬಹುದು. ಹೊಲದ ಬೆಳೆಯನ್ನು ಮಾರಿಯೋ ಸಾಲ ಮಾಡಿಯೋ ಓದಿಸುತ್ತಿದ್ದ ತಂದೆಗೆ ಮಗ ಕದ್ದನೆಂದು ಅಲ್ಲ, ನಪಾಸಾದನೆಂದು ಅಲ್ಲ, ದೇವರ ಮುಂದೆ ಹಾಡಿದನೆಂದು ಹೊರಗೆ ಹಾಕಿದ ಸುದ್ದಿ! ಸರಕಾರಿ ನೌಕರಿಯ ಆಸೆಯೇ ಕಾಲೇಜಿನ ಆಸೆಯಾಗಿದ್ದ ಕಾಲವದು. ಸರಕಾರದ ಕಣ್ಣಿಗೆ ಬಿದ್ದವನಿಗೆ ನೌಕರಿ ಎಲ್ಲಿಯದು?

ಇದರ ನಡುವೆ ಡಿಸೆಂಬರ್ 24ರಂದು, ಗಾಂಧೀಜಿಯವರ ಸಲಹೆಯಂತೆ, ಸ್ಟೇಟ್ ಕಾಂಗ್ರೆಸ್ ತನ್ನ ಸತ್ಯಾಗ್ರಹವನ್ನು ನಿಲ್ಲಿಸಿತು. ಆರ್ಯಸಮಾಜದ ಹೋರಾಟದೊಡನೆ ಕಲಸಿಹೋಗಿ ರಾಜಕೀಯ ಹೋರಾಟವು ಮತೀಯವೆನಿಸೀತೆಂಬ ಭಯ ಅವರಿಗಿದ್ದಿತು. ಆ ಭಯ ನಿರಾಧಾರವಾಗಿರಲಿಲ್ಲ. ಆದರೆ ಬೀದಿಗೆ ಬಿದ್ದಿದ್ದ ಹುಡುಗರಿಗೆ ಆಸರೆಯಾಗಿದ್ದ ದೊಡ್ಡ ಮರವೊಂದು ಅದರಿಂದ ಇಲ್ಲವಾದಂತಾಯಿತು. 1939ರಲ್ಲಿ ಆರ್ಯಸಮಾಜದ ಸತ್ಯಾಗ್ರಹ ಮುಂದುವರಿದು, ನಾರಾಯಣ ಸ್ವಾಮಿಗಳ ನಾಯಕತ್ವದಲ್ಲಿ ದೇಶದ ನಾನಾ ಕಡೆಗಳಿಂದ ಸಾವಿರಾರು ಮಂದಿ ಬಂದು ಸಂಸ್ಥಾನದ ಜೈಲುಗಳನ್ನು ತುಂಬಿದರು. ಕಲಬುರ್ಗಿಯ ಜೈಲೂ ತುಂಬಿತು. ಆಗಸ್ಟಿನಲ್ಲಿ ಅದು ಮುಗಿಯಿತು. ಜೈಲಿನೊಳಗೂ 'ವಂದೇ ಮಾತರಂ' ಎಂದು ಕೂಗಿ ಛಡಿಯೇಟು ತಿಂದ ರಾಮಚಂದ್ರರಾಯರಿಗೆ ಆ ಘೋಷವೇ ಹೆಸರಾಗಿ ನಿಂತಿತು.

ಹೊರಬಿದ್ದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಇತರ ವಿಶ್ವವಿದ್ಯಾನಿಲಯಗಳು ಹಿಂಜರಿದಾಗ ಬಾಗಿಲು ತೆರೆದದ್ದು ನಾಗಪುರ. ಅಲ್ಲಿಯ ವೈಸ್ ಛಾನ್ಸಲರ್ ಟಿ. ಜೆ. ಕೇದಾರರ ಹೆಸರನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ, ಹೇಳಬೇಕಾಗಿತ್ತು. ಆದರೆ ನಾಗಪುರದಲ್ಲಿ ಪಾಠಗಳು ಇಂಗ್ಲಿಷಿನಲ್ಲಿ. ಮನೆಯ ನುಡಿಯನ್ನು ಬಿಟ್ಟು ಉರ್ದುವಿನಲ್ಲಿ ಲೆಕ್ಕ, ವಿಜ್ಞಾನ, ಚರಿತ್ರೆಗಳನ್ನು ಕಷ್ಟಪಟ್ಟು ಕಲಿತಿದ್ದವನು ಈಗ ಮೂರನೆಯ ಭಾಷೆಯಲ್ಲಿ ಅವನ್ನೇ ಮತ್ತೆ ಕಲಿಯಬೇಕು. ಒಂದು ವರ್ಷ ಹೋಯಿತೆಂದು ನಾವು ಸುಲಭವಾಗಿ ಬರೆಯುತ್ತೇವೆ. ಹೋದದ್ದು ವರ್ಷವಷ್ಟೇ ಅಲ್ಲ, ಅಲ್ಲಿಯವರೆಗೆ ಕಲಿತ ಪರಿಭಾಷೆಯೆಲ್ಲ ಅದರೊಡನೆ ಹೋಯಿತು. ನಾಗಪುರದ ಖರ್ಚನ್ನು ತಾಳಬಲ್ಲವರು ಹೋದರು. ತಾಳಲಾರದವರ ಕಥೆಯನ್ನು ಯಾರೂ ಬರೆದಿಲ್ಲ.

ಹೋದವರಲ್ಲಿ ವರಂಗಲ್ಲಿನ ಒಬ್ಬ ವಿದ್ಯಾರ್ಥಿಯಿದ್ದ, ಪಿ. ವಿ. ನರಸಿಂಹರಾವ್. 1991ರಲ್ಲಿ ಆತ ಭಾರತದ ಪ್ರಧಾನಮಂತ್ರಿಯಾದದ್ದನ್ನು ಓದುಗರು ಬಲ್ಲರು. ನಮ್ಮ ಕಡೆ, 1947-48ರಲ್ಲಿ ರಜಾಕಾರರ ವಿರುದ್ಧ ಗಡಿಯ ಶಿಬಿರಗಳು ಎದ್ದಾಗ, ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರದಂಥ ಕಡೆಗಳಿಗೆ ತರುಣರು ಓದು ಬಿಟ್ಟು ಬಂದರು. ಹತ್ತು ವರ್ಷಗಳ ಹಿಂದೆ ಒಂದು ಪೀಳಿಗೆ ಓದನ್ನು ಕಳೆದುಕೊಂಡು ದಾರಿ ತೋರಿಸಿರದಿದ್ದರೆ ಇವರಿಗೆ ಅಷ್ಟು ಧೈರ್ಯ ಬರುತ್ತಿತ್ತೆಂದು ನನಗೆ ತೋರುವುದಿಲ್ಲ. ಹಾಗೆಂದು ಉಸ್ಮಾನಿಯಾದಲ್ಲಿಯೇ ಓದಿ ಮುಗಿಸಿದವರೆಲ್ಲ ಕನ್ನಡವನ್ನು ಮರೆತವರೆಂದೂ ಅಲ್ಲ. 'ಕಾವ್ಯಾನಂದ' ಸಿದ್ಧಯ್ಯ ಪುರಾಣಿಕರು ಅಲ್ಲಿಯ ಪದವೀಧರರೇ.

ರಹೀಮರ ಹೈದರಾಬಾದ್ ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಎಡಬಿಡದೆ ರೋವರ್ಸ್ ಕಪ್ಪನ್ನು ಗೆದ್ದಿತು. ಅವರ ಶಿಕ್ಷಣದಲ್ಲಿ ಭಾರತ 1951ರಲ್ಲಿಯೂ 1962ರಲ್ಲಿಯೂ ಏಷ್ಯನ್ ಕ್ರೀಡೆಗಳ ಚಿನ್ನವನ್ನು ತಂದಿತು. 1950ರ ಜನವರಿ 24ರಂದು ರಾಜೇಂದ್ರಪ್ರಸಾದರು 'ವಂದೇ ಮಾತರಂ' ಗೀತಕ್ಕೆ ರಾಷ್ಟ್ರಗೀತೆಯಷ್ಟೇ ಗೌರವವೆಂದು ಸಂವಿಧಾನ ಸಭೆಯಲ್ಲಿ ಸಾರಿದರು. ಅಷ್ಟು ಹೊತ್ತಿಗೆ, 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತಕ್ಕೆ ಶರಣಾದ ತರುವಾಯ, ಉಸ್ಮಾನಿಯಾ ಉರ್ದುವನ್ನು ಬಿಟ್ಟು ಇಂಗ್ಲಿಷಿಗೆ ತಿರುಗಿತ್ತು. ನಾಗಪುರಕ್ಕೆ ಹೋಗದೆ ಉಳಿದವರ ತಮ್ಮಂದಿರು ಅದೇ ಪಾಠಗಳನ್ನು ಮೂರನೆಯ ಭಾಷೆಯಲ್ಲಿ ಓದತೊಡಗಿದರು.