ಬಳಸಿದ ಮೋಟಾರು ಸೈಕಲ್ಲಿನ ಖಾಸಗಿ ಮಾರಾಟ

ಒಬ್ಬನ ಹೆಸರಿನಲ್ಲಿ ನೋಂದಣಿಯಾಗಿ ಕೆಲಕಾಲ ಬಳಕೆಯಲ್ಲಿದ್ದ ಮೋಟಾರು ಸೈಕಲ್ಲನ್ನು, ಅಂಗಡಿಯ ಅಥವಾ ದಲ್ಲಾಳಿಯ ಮಧ್ಯಸ್ಥಿಕೆಯಿಲ್ಲದೆ, ಅದರ ಒಡೆಯನೇ ನೇರವಾಗಿ ಮತ್ತೊಬ್ಬನಿಗೆ ಕ್ರಯಕ್ಕೆ ಕೊಡುವ ವ್ಯವಹಾರಕ್ಕೆ ಖಾಸಗಿ ಮಾರಾಟವೆಂದು ಹೆಸರು. ಹಣ ಕೈಸೇರಿ, ಕೀಲಿಕೈ ಕೈದಾಟಿದೊಡನೆ ಎಲ್ಲವೂ ಮುಗಿಯಿತೆಂಬ ಭಾವನೆ ಜನರಲ್ಲಿ ಬಲವಾಗಿ ಬೇರೂರಿದೆಯಾದರೂ, ಮೋಟಾರು ವಾಹನದ ಮಟ್ಟಿಗೆ ಅದು ಅರ್ಧಸತ್ಯ. ಪ್ರಾದೇಶಿಕ ಸಾರಿಗೆ ಕಚೇರಿಯ ದಾಖಲೆಯಲ್ಲಿ ಹೆಸರು ಬದಲಾದಂದೇ ಈ ಮಾರಾಟ ಪರಿಪೂರ್ಣವಾಗುತ್ತದೆ. ಭಾರತದಲ್ಲಿ, ವಿಶೇಷತಃ ಕರ್ನಾಟಕದಲ್ಲಿ, ಈ ವ್ಯವಹಾರ ನಡೆಯುವ ಕ್ರಮವನ್ನೂ ಅದರಲ್ಲಿ ಮಾರುವವನು ವಹಿಸತಕ್ಕ ಎಚ್ಚರಿಕೆಗಳನ್ನೂ ಈ ಲೇಖನ ನಿರೂಪಿಸುತ್ತದೆ.

ಕಾನೂನಿನ ಹಿನ್ನೆಲೆ: ಮೋಟಾರು ಸೈಕಲ್ಲು ಚರಸ್ವತ್ತು. 1930ರ ಸರಕು ಮಾರಾಟ ಅಧಿನಿಯಮದ ಪ್ರಕಾರ, ಉಭಯರೂ ಯಾವಾಗ ಎಂದು ಸಂಕಲ್ಪಿಸುವರೋ ಆಗಲೇ ಚರಸ್ವತ್ತಿನ ಸ್ವಾಮ್ಯ ಕೊಳ್ಳುವವನಿಗೆ ಸಲ್ಲುತ್ತದೆ. ಆದರೆ 1988ರ ಮೋಟಾರು ವಾಹನ ಅಧಿನಿಯಮದ 2(30)ನೆಯ ಪ್ರಕರಣವು, ಸಾಮಾನ್ಯವಾಗಿ, ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವನನ್ನೇ ಮಾಲೀಕನೆಂದು ಪರಿಗಣಿಸುತ್ತದೆ. ಈ ಎರಡು ಕಾನೂನುಗಳ ನಡುವಣ ಅಂತರದಲ್ಲಿಯೇ ಅಜಾಗರೂಕನಾದ ಮಾರಾಟಗಾರನ ಸಂಕಷ್ಟವೆಲ್ಲ ಅಡಗಿದೆ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನೀಡಿದ ತೀರ್ಪು ಇದನ್ನು ನಿಚ್ಚಳಗೊಳಿಸಿತು: 2007ರಲ್ಲಿಯೇ ಮಾರಲ್ಪಟ್ಟ ಕಾರೊಂದು ಕೈಯಿಂದ ಕೈಗೆ ದಾಟುತ್ತ ಹೋಗಿ 2009ರಲ್ಲಿ ಅಪಘಾತಕ್ಕೆ ಕಾರಣವಾದಾಗ, ದಾಖಲೆಯಲ್ಲಿ ಮೊದಲ ಮಾರಾಟಗಾರನ ಹೆಸರೇ ಉಳಿದಿದ್ದುದರಿಂದ, ಪರಿಹಾರದ ಹೊಣೆಯೂ ಅವನ ಮೇಲೆಯೇ ಬಿದ್ದಿತು. ಕಾರಿಗೆ ಅನ್ವಯಿಸಿದ ನ್ಯಾಯ ಬೈಕಿಗೂ ಅನ್ವಯಿಸುತ್ತದೆ.

ಪೂರ್ವಸಿದ್ಧತೆ: ಮಾರಲು ಹೊರಟವನು ಮೊದಲು ಕಾಗದಪತ್ರಗಳನ್ನು ಕ್ರಮಪಡಿಸಿಕೊಳ್ಳಬೇಕು. ನೋಂದಣಿ ಪತ್ರ, ಅಂದರೆ ಆರ್.ಸಿ., ಚಾಲ್ತಿಯಲ್ಲಿರುವ ವಿಮಾಪತ್ರ, ಹೊಗೆ ತಪಾಸಣೆಯ ಪತ್ರ, ಸರ್ವಿಸ್ ಮಾಡಿಸಿದ ರಸೀದಿಗಳು, ಎರಡನೆಯ ಕೀಲಿಕೈ ಇವು ಸಿದ್ಧವಾಗಿದ್ದರೆ ಕೊಳ್ಳುವವನಿಗೆ ನಂಬಿಕೆ ಹುಟ್ಟುತ್ತದೆ. ಗಾಡಿಯನ್ನು ಸಾಲದಲ್ಲಿ ಕೊಂಡಿದ್ದಲ್ಲಿ, ಕಂತುಗಳೆಲ್ಲ ತೀರಿದ್ದರೂ ಆರ್.ಸಿ.ಯಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರು ತಾನಾಗಿ ಅಳಿದುಹೋಗುವುದೆಂದು ಭಾವಿಸಲಾಗದು. ಆ ಸಂಸ್ಥೆಯಿಂದ ಋಣಮುಕ್ತಿ ಪತ್ರವನ್ನೂ ಸಹಿ ಮಾಡಿದ 35ನೆಯ ನಮೂನೆಯನ್ನೂ ಪಡೆದು, ಆರ್.ಟಿ.ಓ. ಕಚೇರಿಯಲ್ಲಿ ಆ ನಮೂದನ್ನು ತೆಗೆಸತಕ್ಕದ್ದು. ಬಾಕಿಯುಳಿದ ಸಂಚಾರ ದಂಡಗಳನ್ನೂ ಮುಂಚಿತವಾಗಿ ಕಟ್ಟಿ ರಸೀದಿ ಇರಿಸಿಕೊಳ್ಳುವುದು ಯುಕ್ತ.

ಖಾಸಗಿ ದ್ವಿಚಕ್ರ ವಾಹನದ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿದ್ದು, ತದನಂತರ ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕಾದುದರಿಂದ, ಆ ಅವಧಿಯ ಅಂಚಿಗೆ ಬಂದ ಗಾಡಿಯ ಬೆಲೆ ಸಹಜವಾಗಿಯೇ ಇಳಿಯುತ್ತದೆ. ಇದಕ್ಕೆ ಅಪವಾದವೂ ಉಂಟು: 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳು, ಮೂಲ ಭಾಗಗಳೂ ಸರಿಯಾದ ಕಾಗದಗಳೂ ಇದ್ದಲ್ಲಿ, ವಯಸ್ಸಾದಂತೆಲ್ಲ ಅಭಿಮಾನಿಗಳಿಂದ ಹೆಚ್ಚಿನ ಬೆಲೆಯನ್ನೇ ಪಡೆಯುತ್ತವೆ.

ಪರೀಕ್ಷೆ ಮತ್ತು ಸವಾರಿ: ಗಾಡಿಯನ್ನು ತೋರಿಸುವುದು ಹಗಲಿನಲ್ಲಿ, ಜನಸಂಚಾರವಿರುವ ತಾಣದಲ್ಲಿ, ಜೊತೆಗೊಬ್ಬರಿದ್ದಾಗ ಆಗಬೇಕು. ಅನುಭವಸ್ಥನಾದ ಕೊಳ್ಳುವವನು ಮೊದಲು ಎಂಜಿನ್ನನ್ನು ಅಂಗೈಯಿಂದ ಮುಟ್ಟಿ ನೋಡುತ್ತಾನೆ; ಅದು ಬೆಚ್ಚಗಿದ್ದರೆ, ತಣ್ಣಗಿರುವಾಗ ಸುಲಭವಾಗಿ ಚಾಲೂ ಆಗದ ದೋಷವನ್ನು ಮರೆಸಲು ಆಗಲೇ ಒಮ್ಮೆ ಚಾಲೂ ಮಾಡಿರಬಹುದೆಂದು ಶಂಕಿಸುತ್ತಾನೆ. ಆದುದರಿಂದ ಎಂಜಿನ್ ತಣ್ಣಗಿರುವಂತೆಯೇ ತೋರಿಸಿ, ಗಾಡಿ ಬಿದ್ದದ್ದು, ಭಾಗ ಬದಲಿಸಿದ್ದು, ಎಣ್ಣೆ ಜಿನುಗುವುದು ಮುಂತಾದ ಲೋಪಗಳನ್ನು ತಾನಾಗಿ ಹೇಳಿಬಿಡುವುದು ಧರ್ಮವೂ ಹೌದು, ಮುಂದಿನ ತಗಾದೆಗಳಿಗೆ ತಡೆಯೂ ಹೌದು. ಸವಾರಿ ಮಾಡಿ ನೋಡುವುದಾಗಿ ಹೇಳಿ ಗಾಡಿಯೊಡನೆ ಕಣ್ಮರೆಯಾಗುವ ವಂಚಕರಿರುವುದರಿಂದ, ಬಂದವನ ಚಾಲನಾ ಪರವಾನಗಿಯನ್ನು ಪರಿಶೀಲಿಸಿ, ಹೆಲ್ಮೆಟ್ ಹಾಕಿಸಿ, ಸಾಧ್ಯವಾದರೆ ತಾನೂ ಹಿಂದಿನ ಸೀಟಿನಲ್ಲಿ ಕುಳಿತು ಹೋಗಬೇಕು.

ಹಣ ಪಾವತಿ: ಇತ್ತೀಚಿನ ಮೋಸಗಳು ಬಹುತೇಕ ಮೊಬೈಲ್ ಪಾವತಿಯ ಸುತ್ತ ಹೆಣೆದುಕೊಂಡಿವೆ. ಗಾಡಿಯನ್ನು ಕಣ್ಣಿನಿಂದಲೂ ನೋಡದೆ ಹೇಳಿದ ಬೆಲೆಗೆ ಒಪ್ಪಿ, ಮುಂಗಡ ಕಳುಹಿಸುವ ನೆಪದಲ್ಲಿ ಕ್ಯೂ.ಆರ್. ಕೋಡ್ ಕಳುಹಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತುವಂತೆ ಒತ್ತಾಯಿಸುವವನು ನಿಸ್ಸಂದೇಹವಾಗಿ ವಂಚಕ, ಏಕೆಂದರೆ ಯು.ಪಿ.ಐ.ಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ. ಪಾವತಿಯಾಯಿತೆಂದು ತೋರಿಸುವ ಚಿತ್ರವಾಗಲಿ, ಸಂದೇಶವಾಗಲಿ ಪುರಾವೆಯಲ್ಲ. ತನ್ನ ಬ್ಯಾಂಕ್ ಖಾತೆಯನ್ನು ತಾನೇ ತೆರೆದು ಪೂರ್ಣ ಮೊಬಲಗು ಜಮೆಯಾದುದನ್ನು ಕಂಡ ಮೇಲೆಯೇ ಕೀಲಿಕೈ ಕೊಡಬೇಕು.

ಹೆಸರು ವರ್ಗಾವಣೆ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದಕ್ಕೆಂದು ಎರಡು ನಮೂನೆಗಳನ್ನು ಗೊತ್ತುಪಡಿಸಲಾಗಿದೆ: ಮಾರಾಟವನ್ನು ತಿಳಿಸುವ 29ನೆಯ ನಮೂನೆ, ವರ್ಗಾವಣೆಯನ್ನು ಕೋರುವ 30ನೆಯ ನಮೂನೆ. ಮೋಟಾರು ವಾಹನ ಅಧಿನಿಯಮದ 50ನೆಯ ಪ್ರಕರಣದ ಮೇರೆಗೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು. ಗಾಡಿ ಹೊರರಾಜ್ಯಕ್ಕೆ ಹೋಗುವುದಾದರೆ 28ನೆಯ ನಮೂನೆಯ ಮೂಲಕ ನಿರಾಕ್ಷೇಪಣಾ ಪತ್ರ, ಅಂದರೆ ಎನ್.ಓ.ಸಿ., ಪಡೆಯಬೇಕಾಗುತ್ತದೆ; ಆಗ ಮಾರಿದವನಿಗಿರುವ ಅವಧಿ 45 ದಿನ.

ಅರ್ಜಿಯೊಡನೆ ಚಾಸಿಸ್ ಸಂಖ್ಯೆಯ ಪೆನ್ಸಿಲ್ ಅಚ್ಚನ್ನು ಒದಗಿಸುವ ರೂಢಿಯಿದೆ. ಹ್ಯಾಂಡಲಿನ ಕೆಳಗೆ, ಫ್ರೇಮಿನ ಕತ್ತಿನಲ್ಲಿ ಸಾಮಾನ್ಯವಾಗಿ ಕೊರೆದಿರುವ ಆ ಸಂಖ್ಯೆಯ ಧೂಳನ್ನೊರಸಿ, ತೆಳುವಾದ ಕಾಗದವನ್ನು ಬಿಗಿಯಾಗಿ ಹಿಡಿದು ಪೆನ್ಸಿಲನ್ನು ಅಡ್ಡಲಾಗಿ ಹಗುರವಾಗಿ ತಿಕ್ಕಿದರೆ, ಬೂದುಬಣ್ಣದ ನಡುವೆ ಅಕ್ಷರಾಂಕೆಗಳು ಬೆಳ್ಳಗೆ ಮೂಡುತ್ತವೆ. ಅವು ಆರ್.ಸಿ.ಯೊಡನೆ ಅಕ್ಷರಶಃ ಹೊಂದಿದಾಗ, ಕಾಗದದಲ್ಲಿರುವ ಗಾಡಿಯೂ ಕಣ್ಣೆದುರಿನ ಗಾಡಿಯೂ ಒಂದೇ ಎಂಬುದು ಉಭಯರಿಗೂ ಖಾತರಿಯಾಗುತ್ತದೆ.

ಕೊಳ್ಳುವವನ ಹೆಸರು ತುಂಬದ ಖಾಲಿ ನಮೂನೆಗಳಿಗೆ ಸಹಿ ಹಾಕಿ ಕೊಡುವ ಅಭ್ಯಾಸವು ಎಲ್ಲಕ್ಕಿಂತ ಅಪಾಯಕರವಾದುದು. ಅಂಥ ಕಾಗದ ಹಿಡಿದ ಗಾಡಿ ಎಷ್ಟು ಕೈ ದಾಟಿದರೂ ಹಳೆಯ ಹೆಸರನ್ನೇ ಹೊತ್ತು ತಿರುಗುತ್ತದೆ. ಗಾಡಿ ಒಪ್ಪಿಸುವಾಗಲೇ ಡೆಲಿವರಿ ನೋಟ್ ಬರೆಸಿ, ಅದರಲ್ಲಿ ಉಭಯರ ಹೆಸರು, ವಿಳಾಸ, ಗಾಡಿಯ ನೋಂದಣಿ, ಚಾಸಿಸ್, ಎಂಜಿನ್ ಸಂಖ್ಯೆಗಳು, ಬೆಲೆ, ದಿನಾಂಕ ಮತ್ತು ಅವಶ್ಯವಾಗಿ ಗಂಟೆ-ನಿಮಿಷ ನಮೂದಿಸಿ, ಇಬ್ಬರು ಸಾಕ್ಷಿಗಳ ಸಹಿ ಪಡೆಯಬೇಕು. ಆ ಗಳಿಗೆಯ ಅನಂತರ ಗಾಡಿಯಿಂದ ಏನೇ ನಡೆದರೂ, ಅದು ಯಾರ ಕೈಯಲ್ಲಿತ್ತೆಂಬುದಕ್ಕೆ ಈ ಹಾಳೆಯೇ ಸಾಕ್ಷಿ. ಆದರೂ ಅದು ಹೆಸರು ವರ್ಗಾವಣೆಗೆ ಬದಲಿಯಾಗಲಾರದು. ಗುರುತಿನ ಪತ್ರದ ಪ್ರತಿ ಕೊಡುವಾಗ ಅದರ ಮೇಲೆಯೇ ಉದ್ದೇಶವನ್ನೂ ದಿನಾಂಕವನ್ನೂ ಬರೆಯುವುದು ಕ್ಷೇಮ.

ವಿಮೆ: ಮೋಟಾರು ವಾಹನ ಅಧಿನಿಯಮದ 157ನೆಯ ಪ್ರಕರಣದಂತೆ ವಿಮಾಪತ್ರವು ಕೊಂಡವನ ಹೆಸರಿಗೆ ವರ್ಗಾವಣೆಯಾದಂತೆ ಭಾವಿತವಾಗುವುದಾದರೂ, ಈ ರಕ್ಷಣೆ ಮೂರನೆಯವರಿಗಾಗುವ ಹಾನಿಗೆ ಮಾತ್ರ ಸೀಮಿತ, ಗಾಡಿಗೇ ಆಗುವ ಹಾನಿಯ ಪರಿಹಾರ ಬೇಕಾದರೆ ಕೊಂಡವನು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಿ ಹೆಸರು ಬದಲಿಸಿಕೊಳ್ಳಬೇಕು. ಪರಿಹಾರ ಕೋರದ ವರ್ಷಗಳಿಗೆ ದೊರೆಯುವ, ಗರಿಷ್ಠ ಶೇ. 50ರವರೆಗಿನ ಬೋನಸ್ಸು ಗಾಡಿಗೆ ಸೇರಿದುದಲ್ಲ, ವ್ಯಕ್ತಿಗೆ ಸೇರಿದುದು. ಮಾರಿದವನು ವಿಮಾ ಸಂಸ್ಥೆಯಿಂದ ಪತ್ರ ಪಡೆದು ಅದನ್ನು ತನ್ನ ಮುಂದಿನ ಗಾಡಿಗೆ ಬಳಸಿಕೊಳ್ಳಬಹುದು.

ವಿಶೇಷ ಸಂದರ್ಭಗಳು: ಮಾಲೀಕ ಗತಿಸಿದ್ದಲ್ಲಿ, ವಾರಸುದಾರರು ಮೊದಲು 31ನೆಯ ನಮೂನೆಯ ಮೂಲಕ ತಮ್ಮ ಹೆಸರಿಗೆ ಮಾಡಿಸಿಕೊಂಡು ಅನಂತರವೇ ಮಾರತಕ್ಕದ್ದು. ವ್ಯಾಪಾರಿಗೆ ಒಪ್ಪಿಸುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಅಧಿಕಾರಪತ್ರ ಪಡೆದವನಿಗೇ ಒಪ್ಪಿಸಿ, ಆ ಸಂಗತಿಯನ್ನು 29ಸಿ ನಮೂನೆಯಲ್ಲಿ ಪ್ರಾಧಿಕಾರಕ್ಕೆ ತಿಳಿಸಬೇಕು.

ವರುಷಗಟ್ಟಲೆ ಮನೆಮಂದಿಯನ್ನು ಹೊತ್ತು ತಿರುಗಿದ ಗಾಡಿಯನ್ನು ಬೀಳ್ಕೊಡುವಾಗ, ಪರಿಚಿತನೆಂಬ ದಾಕ್ಷಿಣ್ಯಕ್ಕೆ ಕಾಗದದ ಕೆಲಸವನ್ನು ನಾಳೆಗೆ ತಳ್ಳುವುದು ಸಹಜ. ಆದರೆ ಆ ಕೆಲಸವನ್ನು ಅಂದೇ ಮಾಡುವುದರಿಂದ ಸ್ನೇಹಕ್ಕೂ ಕುಂದಿಲ್ಲ, ಹಣಕ್ಕೂ ಕುಂದಿಲ್ಲ. ಅರ್ಜಿ ಸಲ್ಲಿಸಿದ ಕೆಲವು ವಾರಗಳ ಅನಂತರ ಪರಿವಾಹನ್ ಎಂಬ ಸರ್ಕಾರಿ ಜಾಲತಾಣದಲ್ಲಿ ಗಾಡಿಯ ಸಂಖ್ಯೆಯನ್ನು ನಮೂದಿಸಿ, ಮಾಲೀಕನ ಹೆಸರು ಬದಲಾಗಿರುವುದನ್ನು ಮಾರಿದವನು ಖುದ್ದಾಗಿ ನೋಡಿಕೊಳ್ಳಬೇಕು. ಅಲ್ಲಿಯವರೆಗೆ ಆ ಗಾಡಿಯ ಹೊಣೆ ಅವನದೇ.