ಎಡೆದೊರೆ ನಾಡಿನ ಯುಗಾದಿ ಪಾನಕ: ಬೇವಿನ ಹೂವು, ಬೆಲ್ಲ, ಮಾವಿನಕಾಯಿ

ಮೈಸೂರು ಸೀಮೆಯಲ್ಲಿ ಯುಗಾದಿಯ ಬೇವು-ಬೆಲ್ಲ ಅಂಗೈಗೆ ಬೀಳುವ ಒಂದು ಚಿಟಿಕೆ. ರಾಯಚೂರು ಸೀಮೆಯಲ್ಲಿ ಅದು ಲೋಟದಲ್ಲಿ ಬರುತ್ತದೆ. ಕೃಷ್ಣಾ-ತುಂಗಭದ್ರೆಯರ ನಡುವಿನ ಈ ಬಿಸಿಲನಾಡಿನಲ್ಲಿ 'ಬೇವು' ಎಂದರೆ ಹೊಸ ಮಡಕೆಯಲ್ಲಿ ಕದಡಿದ ಪಾನಕವೇ. 1956ರವರೆಗೆ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು; ನೆರೆಯ ತೆಲುಗರ ಯುಗಾದಿ ಪಚ್ಚಡಿಯೂ ಇದರ ಸಮೀಪದ ಬಂಧು.

ಈ ಪಾನಕದ ಜೀವ ಬೇವಿನ ಹೂವು. ಎಲೆಯಷ್ಟು ಕಹಿಯಲ್ಲದ, ಜೇನಿನ ಪರಿಮಳವುಳ್ಳ ಐದೆಸಳಿನ ಪುಟ್ಟ ಬಿಳಿ ಹೂವದು. ಆದರೆ ಹಬ್ಬ ಚಾಂದ್ರಮಾನದ ಲೆಕ್ಕದಲ್ಲಿ ಬರುತ್ತದೆ, ಮರ ಆ ಲೆಕ್ಕವನ್ನು ಕೇಳುವುದಿಲ್ಲ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂದರೆ 2024ರಲ್ಲಿ ಏಪ್ರಿಲ್ 9ಕ್ಕೆ ಬಂದಿತು. ಹಬ್ಬ ಬೇಗ ಬಂದ ವರ್ಷ ಮೊಗ್ಗಿಗೋ ಹಿಂದಿನ ವರ್ಷ ಒಣಗಿಸಿಟ್ಟ ಹೂವಿಗೋ ಶರಣಾಗಬೇಕು.

ಹೂವು ಆಯುವಾಗ

ಬೆಳಗಿನ ಹೊತ್ತು ಮರದಡಿ ಬಿಳಿ ಬಟ್ಟೆ ಹಾಸಿ ರೆಂಬೆ ಅಲುಗಿಸಿದರೆ ಅರಳಿದ ಹೂವು ತಾನಾಗಿ ಉದುರುತ್ತದೆ. ತೊಟ್ಟು, ಕಡ್ಡಿ ಕೇರಿ ತೆಗೆದು ನೀರಿನಲ್ಲಿ ಒಮ್ಮೆ ಜಾಲಿಸಬೇಕು. ರಾಯಚೂರು ನಗರದ ಹೆದ್ದಾರಿ ಬದಿಯ ಮರದಲ್ಲಿ ಹೂವಿಗಿಂತ ಧೂಳು, ಹೊಗೆಯೇ ಹೆಚ್ಚು. ದೇವದುರ್ಗ, ಮಾನ್ವಿ ಕಡೆಯ ಹತ್ತಿ, ಭತ್ತದ ಹೊಲಗಳ ಬದುವಿನ ಮರವಾದರೆ ಪಕ್ಕದ ಬೆಳೆಗೆ ಕೀಟನಾಶಕ ಹೊಡೆದಿದ್ದಾರೆಯೇ ಎಂದು ಕೇಳಿಕೊಂಡೇ ಕೈ ಹಾಕಬೇಕು. ಹಿತ್ತಿಲ ಮರವೇ ಲೇಸು.

ಹೂವಿನ ಬಣ್ಣ ತಿಳಿನೇರಳೆಯಾಗಿದ್ದರೆ ಅದು ಹುಚ್ಚುಬೇವು. ಅದರ ಕಾಯಿ ವಿಷಕಾರಿ, ಹೂವನ್ನೂ ಬಳಸಬಾರದು. ಅಂದಕ್ಕೆಂದು ಪೂಜೆಯ ಬುಟ್ಟಿಯ ಹೂವನ್ನು ಪಾನಕಕ್ಕೆ ಉದುರಿಸುವುದೂ ಅಪಾಯ: ದೇವರಿಗೆ ಸಲ್ಲುವ ಕಣಗಿಲೆ ಹೃದಯಕ್ಕೆ ಘಾತಕ.

ಮಾಡುವ ಬಗೆ

ಒಂದು ಲೀಟರ್ ನೀರಿಗೆ ನಿಂಬೆಗಾತ್ರದ ಹುಣಸೆಹಣ್ಣು ನೆನೆಸಿ ಕಿವುಚಿ ಸೋಸಬೇಕು. 150 ಗ್ರಾಂ ಬೆಲ್ಲ ಕರಗಿಸಿ ಇನ್ನೊಮ್ಮೆ ಸೋಸಿದರೆ ಕಸ ಉಳಿಯದು. ಅರ್ಧ ಬಟ್ಟಲು ತುರಿದ ಮಾವಿನಕಾಯಿ, ನಾಲ್ಕು ಚಮಚ ಪುಟಾಣಿ ಹಿಟ್ಟು, ಒಣಕೊಬ್ಬರಿ ತುರಿ, ಗಸಗಸೆ, ದ್ರಾಕ್ಷಿ, ಗೋಡಂಬಿ, ಹೆಚ್ಚಿದ ಉತ್ತತ್ತಿ, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಬೇಕು. ಬೇವಿನ ಹೂವು ಒಂದೆರಡು ಚಮಚ ಸಾಕು, ಅದೂ ಕೊನೆಗೆ. ಮೊದಲೇ ಹಾಕಿದರೆ ಕಹಿ ನೀರಿಗಿಳಿಯುತ್ತದೆ. ಪುಟಾಣಿ ಹಿಟ್ಟು ತಳ ಹಿಡಿಯುವುದರಿಂದ ಬಡಿಸುವ ಮುನ್ನ ಕದಡುವುದು ಅಗತ್ಯ. ಪುದೀನ, ತುಳಸಿ ಹಾಕುವವರು ಎರಡೆಲೆಗೆ ನಿಲ್ಲಿಸುವುದು ಒಳ್ಳೆಯದು, ಇಲ್ಲವಾದರೆ ಬೇವಿನ ಪರಿಮಳವೇ ಅಡಗಿಹೋಗುತ್ತದೆ.

ಹುಳಿ ಇರುವುದರಿಂದ ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ಬೇಡ. ಮಡಕೆಯ ತಂಪೇನೋ ಹಿತವೇ, ಆದರೆ ಇಲ್ಲಿನ ಬೇಸಿಗೆಗೆ ಬೆಲ್ಲದ ನೀರು ಬೇಗ ಹುಳಿಯೇರುತ್ತದೆ. ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನದೊಳಗೆ ಮುಗಿಸಬೇಕು.

ಬೇವಿನ ಹೂವು ದೇಹಕ್ಕೆ ತಂಪು ಎಂಬ ನಂಬಿಕೆ ಹಳೆಯದು. ದಣಿದವರಿಗೆ ನೆರವಾಗುವುದು ಮುಖ್ಯವಾಗಿ ಇದರ ನೀರು, ಬೆಲ್ಲ, ಉಪ್ಪು. ಬಿಸಿಲಾಘಾತಕ್ಕೆ ಇದು ಔಷಧವಲ್ಲ. ಮಾತು ತೊದಲಿದವರಿಗೆ, ಪ್ರಜ್ಞೆ ತಪ್ಪಿದವರಿಗೆ ಕುಡಿಸಲು ಹೋಗದೆ ಮೈ ತಣಿಸುತ್ತ ಆಸ್ಪತ್ರೆಗೆ ಒಯ್ಯಬೇಕು. ಮಧುಮೇಹಿಗಳು ಗುಟುಕಿಗೆ ನಿಲ್ಲಿಸಬೇಕು. ಗರ್ಭಿಣಿಯರು ವೈದ್ಯರನ್ನು ಕೇಳುವುದು ಕ್ಷೇಮ.

ಮಿಕ್ಕ ಹೂವನ್ನು ನೆರಳಲ್ಲಿ ಗರಿಯಾಗುವವರೆಗೆ ಒಣಗಿಸಿ ಬಿಗಿಮುಚ್ಚಳದ ಡಬ್ಬಿಗೆ ತುಂಬಿಟ್ಟರೆ ಮುಂದಿನ ಯುಗಾದಿಗೆ ಒದಗುತ್ತದೆ. ನಡುವೆ ತುಪ್ಪದಲ್ಲಿ ಹುರಿದು ಬಿಸಿ ಅನ್ನಕ್ಕೂ ಕಲಸಿಕೊಳ್ಳಬಹುದು.